ಚಳಿಗಾಲದ ಬೆಳಿಗ್ಗೆ ಗಾಜು ಕತ್ತರಿಸುವುದು ಹೇಗೆ?

ಅಡಿಕೆ ಕೊಯ್ಲು ನಡೆದಿರುವ ಈ ದಿನಗಳಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬಿಸಿಲೇರುವವರೆಗೂ ಹೆಂಚಿನಿಂದ ಇಬ್ಬನಿ ತೊಟ್ಟಿಕ್ಕುತ್ತಿರುತ್ತದೆ. ಇಂಥ ಬೆಳಿಗ್ಗೆ ಹಿತ್ತಿಲ ಕೊಟ್ಟಿಗೆಯಲ್ಲಿ ಕುಳಿತು ಕಿಟಕಿಗೋ ದೇವರ ಪಟಕ್ಕೋ ಗಾಜು ಕತ್ತರಿಸಿದವರಿಗೆ, ಬೇಸಿಗೆಯಲ್ಲಿ ಗೆರೆ ಹಿಡಿದು ಮುರಿಯುತ್ತಿದ್ದ ಗಾಜು ಈಗ ಅಡ್ಡಾದಿಡ್ಡಿ ಸೀಳುವುದು ಅನುಭವಕ್ಕೆ ಬಂದಿರುತ್ತದೆ. ಚಳಿಗೆ ಗಾಜೇ ಪೆಡಸಾಗುತ್ತದೆ ಎಂದು ಹೇಳುವವರಿದ್ದಾರೆ. ಆದರೆ ನಮ್ಮ ಮಲೆನಾಡಿನ ಚಳಿ ಗಾಜಿನ ಗುಣವನ್ನು ಬದಲಿಸುವಷ್ಟು ಕಟುವಲ್ಲ. ಕೆಲಸ ಕೆಡಿಸುವುದು ಗಾಜಿನ ಮೇಲಿನ ಪಸೆ, ಒಂದೆಡೆ ಬೆಚ್ಚಗೆ ಇನ್ನೊಂದೆಡೆ ತಣ್ಣಗಿರುವ ಶೀಟು ಮತ್ತು ಮರಗಟ್ಟಿದ ಬೆರಳು.

ಕೈಯಲ್ಲಿರುವುದು ಸಾದಾ ಗಾಜು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಕಾಯಿಸಿ ಗಟ್ಟಿಗೊಳಿಸಿದ ಟಫನ್ಡ್ ಗಾಜನ್ನು ಕತ್ತರಿಸಲು ಬರುವುದಿಲ್ಲ; ಅದು ಪೂರ್ತಿಯಾಗಿ ಹರಳು ಹರಳಾಗಿ ಒಡೆದುಹೋಗುತ್ತದೆ.

ಕತ್ತರಿಸುವ ಹಿಂದಿನ ರಾತ್ರಿಯೇ ಶೀಟನ್ನು ಮನೆಯೊಳಗೆ ತಂದು, ಎರಡು ಮರದ ಪಟ್ಟಿಗಳ ಮೇಲೆ, ಒಳಗೋಡೆಗೆ ಸ್ವಲ್ಪ ಓರೆಯಾಗಿ, ಎರಡೂ ಬದಿಗೆ ಗಾಳಿಯಾಡುವಂತೆ ನಿಲ್ಲಿಸಿಡಿ. ಬೇಗ ಬೆಚ್ಚಗಾಗಲೆಂದು ಒಲೆಯ ಬಳಿ ಮಾತ್ರ ಇಡಬೇಡಿ. ಗಾಜಿನಲ್ಲಿ ಶಾಖ ನಿಧಾನವಾಗಿ ಹರಿಯುವುದರಿಂದ ಒಲೆಯ ಕಡೆಯ ಭಾಗ ಹಿಗ್ಗಿ, ಉಳಿದ ಭಾಗ ಹಾಗೆಯೇ ಉಳಿದು, ಒಳಗೆ ಬಿಗುವು ಹುಟ್ಟುತ್ತದೆ. ಶೀಟಿನ ಎರಡು ಭಾಗಗಳ ನಡುವೆ ಸುಮಾರು 40 ಡಿಗ್ರಿ ವ್ಯತ್ಯಾಸವಾದರೆ ಸಾದಾ ಗಾಜು ತಾನಾಗಿಯೇ ಬಿರಿಯಬಹುದು. ಅಡಿಕೆ ಬೇಯಿಸುವ ಒಲೆಯ ಹತ್ತಿರ ನಾನು ಒಮ್ಮೆ ಒರಗಿಸಿಟ್ಟಿದ್ದ ಶೀಟು ಬಿರಿಯಲಿಲ್ಲವಾದರೂ, ಮುರಿಯುವಾಗ ಅರ್ಧದವರೆಗೆ ಗೆರೆಯಲ್ಲೇ ಬಂದ ಸೀಳು ಬಿಸಿಯಾಗಿದ್ದ ಮೂಲೆಯತ್ತ ಬಾಗಿಹೋಯಿತು. ಆ ಕಿಟಕಿಗೆ ಮತ್ತೊಂದು ಗಾಜು ತರಬೇಕಾಯಿತು.

ಹೊರಗಿನ ಚಳಿಯಿಂದ ಒಳಗೆ ತಂದ ಗಾಜಿನ ಮೇಲೆ ಪಸೆ ಕೂರುವುದು ಸಹಜ. ಒಮ್ಮೆ ಒರೆಸಿದರೆ ಸಾಲದು. ಗಾಜು ತಣ್ಣಗಿರುವವರೆಗೂ ಅದು ಮತ್ತೆ ಮತ್ತೆ ಕೂರುತ್ತದೆ, ಅದರ ಮೇಲೆ, ಗಾಜಿಗೆ ಗೆರೆ ಕೊರೆಯುವ ಕಟ್ಟರಿನ ಚಕ್ರ ಜಾರುತ್ತದೆ. ಒಣ ಹತ್ತಿ ಬಟ್ಟೆಯಿಂದ ಒರೆಸಿ, ಕಾಲು ಗಂಟೆ ಬಿಟ್ಟು ನೋಡಿ, ಗಾಜು ಒಣಗಿಯೇ ಇದ್ದರೆ ಕೆಲಸಕ್ಕೆ ಕೈಹಚ್ಚಿ.

ಚಕ್ರಕ್ಕೆ ಕೆಲವರು ಕೈಗೆ ಸಿಕ್ಕ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಈ ದಿನಗಳಲ್ಲಿ ಚಕ್ರ ತಿರುಗದೆ ಉಜ್ಜಿಕೊಂಡು ಹೋಗುತ್ತದೆ. ಒಂದು ಹನಿ ಸೀಮೆಎಣ್ಣೆ ಅಥವಾ ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು. ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬೇಕಾದರೆ ಕೆಲಸದ ಕೋಣೆಯಲ್ಲೇ ಇಟ್ಟುಕೊಳ್ಳಿ. ಎಣ್ಣೆ ಕರಗತೊಡಗಿತೆಂದರೆ ಕೋಣೆ ಹಿತವಾಗಿ ಬೆಚ್ಚಗಾಗಿದೆ ಎಂದರ್ಥ.

ಸಮತಟ್ಟಾದ ಮೇಜಿನ ಮೇಲೆ ಹಳೆಯ ಕಂಬಳಿಯನ್ನು ಚೆನ್ನಾಗಿ ಕೊಡವಿ ಹಾಸಿ, ಅದರ ಮೇಲೆ ಗಾಜನ್ನಿಡಿ. ಚಳಿಯಿಂದ ಗಾಜಿನ ಅಳತೆ ತಪ್ಪೀತೆಂಬ ಚಿಂತೆ ಬೇಡ, 10 ಡಿಗ್ರಿ ಏರಿಳಿದರೂ ಒಂದು ಮೀಟರ್ ಗಾಜಿನಲ್ಲಿ ಆಗುವ ವ್ಯತ್ಯಾಸ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ ಈಗ ಒಣಗಿರುವ ಮರದ ಚೌಕಟ್ಟು ನಮ್ಮ ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತದೆ. ಆದ್ದರಿಂದ ಚೌಕಟ್ಟಿನ ಒಳ ಅಳತೆಗಿಂತ ಉದ್ದ, ಅಗಲ ಎರಡರಲ್ಲೂ 3 ಮಿಲಿಮೀಟರ್ ಕಡಿಮೆ ಮಾಡಿಕೊಳ್ಳಿ. ಗೆರೆ ನೇರ ಬರಲೆಂದು ಗಾಜಿನ ಮೇಲಿಡುವ ಅಳತೆಪಟ್ಟಿಯ ಅಂಚಿಗೂ ಚಕ್ರಕ್ಕೂ ನಡುವೆ ಕಟ್ಟರಿನ ತಲೆಯ ಅರ್ಧದಷ್ಟು ಅಂತರ ಉಳಿಯುತ್ತದೆ. ಆ ಅಂತರವನ್ನು ಲೆಕ್ಕ ಹಿಡಿದು ಪಟ್ಟಿ ಇಡುವುದನ್ನು ಹೊಸಬರು ಮರೆಯುವುದೇ ಹೆಚ್ಚು.

ಗೆರೆ ಎಳೆಯುವ ಮೊದಲು ಕೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳಿ. ಮರಗಟ್ಟಿದ ಬೆರಳಿಗೆ ಒತ್ತಡದ ಅಂದಾಜು ಸಿಗುವುದಿಲ್ಲ, ಗಾಯವಾದರೂ ರಕ್ತ ಕಂಡ ಮೇಲೆಯೇ ತಿಳಿಯುತ್ತದೆ. ಉಣ್ಣೆಯ ಕೈಗವಸು ಜಾರುತ್ತದೆ, ಚೂರುಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅಂಗೈಗೆ ರಬ್ಬರ್ ಹಚ್ಚಿದ ಕೈಗವಸು ಒಳ್ಳೆಯದು. ಕಣ್ಣಿಗೆ ರಕ್ಷಣೆಯ ಕನ್ನಡಕ, ಕಾಲಿಗೆ ಬೂಟು ಬೇಕೇ ಬೇಕು. ನಿಂತುಕೊಂಡು, ಕಟ್ಟರನ್ನು ನೆಟ್ಟಗೆ ಹಿಡಿದು, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಒತ್ತಡದಲ್ಲಿ, ನಡುವೆ ನಿಲ್ಲದೆ ಎಳೆಯಿರಿ. ಒತ್ತಡ ಸರಿಯಿದ್ದರೆ ಸರ್ರೆಂಬ ಸದ್ದು ಒಂದೇ ಸಮನೆ ಬರುತ್ತದೆ, ಕೂದಲೆಳೆಯಷ್ಟು ತೆಳುವಾದ ಗೆರೆ ಮೂಡುತ್ತದೆ. ಗೆರೆ ಬೆಳ್ಳಗಾಗಿ ಬದಿಯಲ್ಲಿ ಪುಡಿ ಹಾರುತ್ತಿದ್ದರೆ ಒತ್ತಡ ಹೆಚ್ಚಾಗಿದೆ. ಹೇಗೇ ಬಂದಿರಲಿ, ಅದೇ ಗೆರೆಯ ಮೇಲೆ ಎರಡನೆಯ ಸಲ ಎಳೆಯಬೇಡಿ: ಚಕ್ರವೂ ಕೆಡುತ್ತದೆ, ಸೀಳೂ ದಾರಿ ತಪ್ಪುತ್ತದೆ.

ಗೆರೆ ಎಳೆದ ತಕ್ಷಣ ಮುರಿಯಬೇಕು. ಗೆರೆಯ ಎರಡೂ ಬದಿಗೆ ಹೆಬ್ಬೆರಳಿಟ್ಟು, ಮಡಚಿದ ಬೆರಳುಗಳನ್ನು ಅಡಿಗೆ ಕೊಟ್ಟು, ಹೊರಮುಖವಾಗಿ ಬಾಗಿಸಿ. ಬೆಳಕಿಗೆ ಓರೆಯಾಗಿ ನೋಡಿದರೆ, ಬೆಳ್ಳಿಯ ಎಳೆಯಂಥ ಸೀಳು ಕೈ ಹತ್ತಿರದಿಂದ ಹೊರಟು ಆಚೆ ಅಂಚಿಗೆ ಓಡುವುದು ಕಾಣುತ್ತದೆ. ಉದ್ದದ ಗಾಜಾದರೆ ಗೆರೆಯನ್ನು ಮೇಜಿನ ಅಂಚಿಗೆ ಹೊಂದಿಸಿ, ಹೊರಚಾಚಿದ ಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಒತ್ತಿ. ಒಂದು ಇಂಚಿಗಿಂತ ಕಿರಿದಾದ ಪಟ್ಟಿಗೆ ಅಗಲ ಬಾಯಿಯ ಇಕ್ಕಳವೇ ಬೇಕು.

ಹೊಸ ಅಂಚನ್ನು ಒದ್ದೆ ಸಾಣೆಕಲ್ಲಿನಿಂದ ಮೃದುವಾಗಿ ಉಜ್ಜಿ. ಒದ್ದೆಯಿದ್ದರೆ ಗಾಜಿನ ಧೂಳು ಉಸಿರಿಗೆ ಹೋಗುವುದಿಲ್ಲ. ಕಂಬಳಿಯನ್ನು ಕೈಯಿಂದ ಸವರದೆ, ಅಂಗಳದಾಚೆ ಒಯ್ದು ಕೊಡವಿ, ಉದುರಿದ ಚೂರುಗಳನ್ನು ಗುಡಿಸಿ ತೆಗೆಯಿರಿ. ಉಳಿದ ತುಂಡುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿಡಿ. ಗೊಬ್ಬರಗುಂಡಿಗೆ ಬಿದ್ದ ಒಂದು ಚೂರು ಗೊಬ್ಬರದ ಜೊತೆ ತೋಟ ಸೇರಿ, ಬರಿಗಾಲಲ್ಲಿ ಅಡಿಕೆ ಹೆಕ್ಕುವವರ ಪಾದಕ್ಕೆ ಚುಚ್ಚುತ್ತದೆ.