ಕಾಂಪೌಂಡಿನ ಅಂಚಿಗೆ ಹಸಿರು ಮರೆ

ಪಕ್ಕದ ಮನೆಯವರ ನೋಟಕ್ಕೆ ಮರೆಯಾಗಿ ಮರಗಳ ಸಾಲು ಬೆಳೆಸಲು ಹೊರಟವರು ನರ್ಸರಿಗೆ ಹೋಗುವ ಮುನ್ನ, ಮರೆ ಬೇಕಾದ ಕಿಟಕಿಯ ಬಳಿ ನಿಂತು ಹೊರಗೆ ನೋಡುವುದು ಒಳ್ಳೆಯದು. ಎದುರಿನ ಬಾಲ್ಕನಿಗೆ ಅಡ್ಡವಾಗಬೇಕಾದದ್ದು ಹಲವು ಸಲ ಹತ್ತು-ಹನ್ನೆರಡು ಅಡಿಯಷ್ಟು ಜಾಗ ಮಾತ್ರ. ಅಷ್ಟಕ್ಕಾಗಿ ಕಾಂಪೌಂಡಿನ ಉದ್ದಕ್ಕೂ ಗಿಡ ನೆಟ್ಟು ಮನೆಯ ಗಾಳಿ-ಬೆಳಕನ್ನು ಕಳೆದುಕೊಳ್ಳಬೇಕಾಗಿಲ್ಲ. ಮೇಲೆ ವಿದ್ಯುತ್ ತಂತಿ, ಕೆಳಗೆ ಸಂಪು ಮತ್ತು ಒಳಚರಂಡಿಯ ಕೊಳವೆ ಎಲ್ಲಿವೆ ಎಂಬುದನ್ನೂ ಆಗಲೇ ಗುರುತು ಮಾಡಿಕೊಳ್ಳಬೇಕು.

30×40 ಅಡಿಯ ನಿವೇಶನಕ್ಕೆ ಕಂಬದ ಅಶೋಕದಷ್ಟು ಹೊಂದುವ ಮರ ಬೇರೆಯಿಲ್ಲವೆಂದೇ ನನ್ನ ಅಭಿಪ್ರಾಯ. ಕೊಂಬೆಗಳು ಕಾಂಡಕ್ಕೆ ಒತ್ತಿಕೊಂಡು ಇಳಿಬೀಳುವುದರಿಂದ ಅದು ಅಗಲವಾಗದೆ ಎತ್ತರಕ್ಕೆ ಹೋಗುತ್ತದೆ, ವರ್ಷವಿಡೀ ಎಲೆ ಹೊತ್ತಿರುತ್ತದೆ. ಇದೇ ಜಾತಿಯಲ್ಲಿ ಕೊಂಬೆ ಹರಡುವ ಬಗೆಯೂ ಇರುವುದರಿಂದ ಕೊಳ್ಳುವಾಗ ವಿಚಾರಿಸಬೇಕು. ಇನ್ನೂ ಬೇಗ ಮರೆ ಬೇಕೆನ್ನುವವರು, ಒಣ ಎಲೆ ಗುಡಿಸುವ ತಾಳ್ಮೆಯಿದ್ದರೆ, ಮೆಳೆಯಾಗಿ ಬೆಳೆಯುವ ಬಿದಿರನ್ನು ಆರಿಸಬಹುದು. ಕರಾವಳಿಯ ಮರಳು ನೆಲಕ್ಕೂ ಉಪ್ಪುಗಾಳಿಗೂ ಒಗ್ಗುವುದು ಗಾಳಿ ಮರ. 1868ರಲ್ಲಿ ಕಾರವಾರದಲ್ಲಿ ನೆಡಲಾದ ಈ ಮರ ಇಂದು ಆ ತೀರದ ಗುರುತೇ ಆಗಿದೆ. ಗ್ಲಿರಿಸಿಡಿಯ ವೇಗವಾಗಿ ಬೆಳೆದರೂ ಬೇಸಗೆಗೆ ಮುನ್ನವೇ ಎಲೆ ಉದುರಿಸಿ ಬರಿದಾಗುತ್ತದೆ. ಕಾನೋಕಾರ್ಪಸ್ ಗಿಡವನ್ನು ಯಾರು ಎಷ್ಟೇ ಹೊಗಳಿದರೂ ತರಬೇಡಿ; ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ.

ಮೃಗಶಿರ, ಆರಿದ್ರ ಮಳೆಯ ಹೊತ್ತು ನೆಡಲು ಸೂಕ್ತ. ಗೋಡೆಯಿಂದ ಮೂರು ಅಡಿ ಬಿಟ್ಟು, ನಾಲ್ಕು ಅಡಿಗೊಂದರಂತೆ, ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಒಂದು ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬಬೇಕು. ಆಳೆತ್ತರ ಮೀರಿದ ಸಸಿಗೆ ದುಬಾರಿ ಬೆಲೆ ಕೊಡುವುದಕ್ಕಿಂತ ಮೂರು-ನಾಲ್ಕು ಅಡಿಯ, ಬುಡದಿಂದಲೇ ಎಲೆಯಿರುವ ಸಸಿಯನ್ನು ತರುವುದು ಜಾಣತನ. ಕಪ್ಪು ಕವರನ್ನು ಬ್ಲೇಡಿನಿಂದ ಸೀಳಿ ತೆಗೆದಾಗ ಮಣ್ಣಿನ ಹೆಂಟೆಯ ತಳದಲ್ಲಿ ಬೇರುಗಳು ಸಿಂಬಿಯಂತೆ ಸುತ್ತಿಕೊಂಡಿದ್ದರೆ, ಅವನ್ನು ಬೆರಳಿನಿಂದ ಬಿಡಿಸಬೇಕು, ಬಿಡಿಸಲಾಗದ್ದನ್ನು ಕತ್ತರಿಸಬೇಕು. ಹಾಗೆಯೇ ಹೂತರೆ ಬೇರು ಹೊರಗೆ ಹರಡದೆ ಗಿಡ ಸೊರಗುತ್ತದೆ, ಜೋರು ಗಾಳಿಗೆ ವಾಲುತ್ತದೆ.

ಮೊದಲ ಎರಡು ಬೇಸಗೆ ನೀರು ತಪ್ಪಿಸಬಾರದು. ದಿನವೂ ಒಂದು ಚೊಂಬು ಚಿಮುಕಿಸುವುದಕ್ಕಿಂತ ವಾರಕ್ಕೆರಡು ಬಾರಿ ಪಾತಿ ತುಂಬಾ ಹಾಯಿಸಿ, ಮೇಲೆ ತರಗೆಲೆ ಮುಚ್ಚುವುದು ಮೇಲು. ಬುಡದ ಕೊಂಬೆಗಳನ್ನು ಸವರಬಾರದು, ಏಕೆಂದರೆ ಕಾಂಪೌಂಡಿನ ಮಟ್ಟದಲ್ಲಿ ಮರೆ ಕೊಡುವುದು ಅವೇ. ಕಂಬದ ಅಶೋಕದ ಚಿಗುರೆಲೆಯನ್ನು ಹಸಿರು ಹುಳುವೊಂದು ಮೇಯುತ್ತಿದ್ದರೆ ಔಷಧಿ ಸಿಂಪಡಿಸಲು ಆತುರಪಡಬೇಡಿ. ಅದು ಬಹುತೇಕ ಟೈಲ್ಡ್ ಜೇ ಚಿಟ್ಟೆಯ ಮರಿ, ಅದರಿಂದ ಮರಕ್ಕೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಮರ ದೊಡ್ಡದಾಗಿ ಹಣ್ಣು ಬಿಡತೊಡಗಿದರೆ ರಾತ್ರಿ ಬಾವಲಿಗಳು ಬಂದು ಬೀಜ ಉದುರಿಸಿ ಹೋಗುತ್ತವೆ, ಆದ್ದರಿಂದ ಕಾರು ನಿಲ್ಲಿಸುವ ಜಾಗದ ಪಕ್ಕಕ್ಕೆ ಮಾತ್ರ ಕಂಬದ ಅಶೋಕದ ಬದಲು ಬಿದಿರನ್ನೇ ನೆಡಿ.