ಬೆಣ್ಣೆದೋಸೆ ಊರಲ್ಲಿ ಹಿಪ್ನಾಟಿಸಂ: ನನ್ನ ಹದಿಮೂರು ಕೆಜಿ ಕಥೆ

"ಸಾರ್, ಮೊದಲು ನಿಮ್ಮ ಹೊಟ್ಟೆಗೆ ಹಿಪ್ನಾಟಿಸಂ ಮಾಡ್ಕೊಳ್ಳಿ, ಆಮೇಲೆ ನಮಗೆ ಮಾಡುವಿರಂತೆ."

ಮೂರು ವರ್ಷದ ಹಿಂದೆ ದಾವಣಗೆರೆ ವಿದ್ಯಾನಗರದಲ್ಲಿ ನಾನು ನಡೆಸಿದ ಒಂದು ಹಿಪ್ನಾಟಿಸಂ ಶಿಬಿರದಲ್ಲಿ ಹಿಂದಿನ ಸಾಲಿನಿಂದ ಬಂದ ಮಾತಿದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ನನ್ನ ತೂಕ 96 ಕೆಜಿ, ಎತ್ತರ ಐದೂವರೆ ಅಡಿ. ಪರೀಕ್ಷೆ ಭಯ, ಉಗುರು ಕಚ್ಚೋದು, ಸ್ಟೇಜ್ ಹತ್ತಿದರೆ ಕಾಲು ನಡುಗೋದು, ಇಂಥವಕ್ಕೆಲ್ಲ ಜನ ನನ್ನ ಹತ್ತಿರ ಬರುತ್ತಿದ್ದರು. ತೂಕಕ್ಕೆ ಮಾತ್ರ ಒಬ್ಬರೂ ಬರುತ್ತಿರಲಿಲ್ಲ. ಯಾಕೆ ಅಂತ ಆವತ್ತು ಗೊತ್ತಾಯ್ತು.

ಅಷ್ಟರಲ್ಲಾಗಲೇ ಸಾಕಷ್ಟು ದುಡ್ಡು ಸುರಿದಿದ್ದೆ. ಕಲಸಿ ಕುಡಿಯುವ ಪುಡಿಗೆ ಎರಡು ತಿಂಗಳಲ್ಲಿ ಎಂಟು ಸಾವಿರದ ಹತ್ತಿರ. ಸೊಂಟಕ್ಕೆ ಕಟ್ಟುವ ಬೆಲ್ಟ್‌ಗೆ ಒಂದೂವರೆ ಸಾವಿರ. ಅದರಿಂದ ಬೆವರು ಬಂತು, ಅಷ್ಟೇ. ಬೆಂಗಳೂರಿನಲ್ಲಿ ಮೂರು ದಿನದ 'ತೂಕಕ್ಕೆ ಹಿಪ್ನಾಟಿಸಂ' ತರಬೇತಿಗೆ ಹದಿನೆಂಟು ಸಾವಿರ, ಲಾಡ್ಜ್ ಖರ್ಚು ಬೇರೆ. ಅಲ್ಲಿ ಕೊಟ್ಟ ಸ್ಕ್ರಿಪ್ಟನ್ನೇ, ಅಂದರೆ ಹಿಪ್ನಾಟಿಸಂನಲ್ಲಿ ಹೇಳುವ ಮಾತುಗಳ ಬರಹವನ್ನೇ, ಹಿಡಿದುಕೊಂಡು ಮೊದಲ ತಪ್ಪು ಮಾಡಿದೆ.

ಆ ಸ್ಕ್ರಿಪ್ಟ್ ಹೇಸಿಗೆ ಹುಟ್ಟಿಸುವಂಥದ್ದು. ಇಷ್ಟದ ತಿಂಡಿಗೆ ಕೆಟ್ಟ ವಾಸನೆ ಅಂಟಿಸುವುದು. ನಾನು ಬೆಣ್ಣೆದೋಸೆಯ ಬೆಣ್ಣೆಗೆ ಹರಳೆಣ್ಣೆ ವಾಸನೆ ಕೊಟ್ಟುಕೊಂಡೆ. ಹತ್ತು ದಿನ ಕಣ್ಮುಚ್ಚಿ ಕೂತೆ. ಹೋಟೆಲಿಗೆ ಹೋದೆ. ಕಟ್ಟಿಗೆ ಒಲೆಯ ಹೊಗೆ, ಕಾವಲಿ ಮೇಲೆ ಚುಂಯ್ ಅಂತ ಬೆಣ್ಣೆ. ಹರಳೆಣ್ಣೆ ಎಲ್ಲೂ ಇಲ್ಲ, ಎರಡು ದೋಸೆ ತಿಂದು ಬಂದೆ. ಯುಗಾದಿ ದಿನ ಮನೆಯಾಕೆ ಹೋಳಿಗೆ ಮೇಲೆ ತುಪ್ಪ ಬಿಟ್ಟಳು ನೋಡಿ, ಗಪ್ಪಂತ ಹರಳೆಣ್ಣೆ ಹೊಡೆಯಿತು! ಮುಖ ಕಿವಿಚಿದೆ. ಹಬ್ಬದ ದಿನ ಹೆಂಡತಿ ಮಾಡಿದ ಹೋಳಿಗೆಗೆ ಮುಖ ಕಿವಿಚಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಆ ಸಜೆಷನ್ (ಮನಸ್ಸಿಗೆ ಕೊಟ್ಟ ಸೂಚನೆ) ಅಳಿಸೋಕೆ ಮತ್ತೆ ಒಂದು ವಾರ ಹಿಡಿಯಿತು.

ಎರಡನೇ ತಪ್ಪು ಭಾಷೆಯದು. ಮೂರೂವರೆ ಸಾವಿರ ಕೊಟ್ಟು ಸ್ಟುಡಿಯೋದಲ್ಲಿ ಒಳ್ಳೇ ದನಿಯವರಿಂದ ಸ್ಕ್ರಿಪ್ಟ್ ಓದಿಸಿ ರೆಕಾರ್ಡ್ ಮಾಡಿಸಿದೆ. "ನಿಮ್ಮ ಅಂತರಂಗವು ಪ್ರಶಾಂತ ಸರೋವರದಂತಿದೆ" ಅಂತ ಶುರುವಾಗುತ್ತಿತ್ತು. ನಾಲ್ಕನೇ ನಿಮಿಷಕ್ಕೆ ಗೊರಕೆ. ನನ್ನೊಳಗೆ ಸರೋವರ ಎಲ್ಲಿದೆ? ಇದ್ದರೆ ನಮ್ಮೂರಿನ ಕುಂದವಾಡ ಕೆರೆ. ಕೊನೆಗೆ ಫೋನಿನಲ್ಲೇ, ನಮ್ಮಮ್ಮ ಮಾತಾಡುತ್ತಿದ್ದ ಕನ್ನಡದಲ್ಲಿ, ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿಕೊಂಡೆ. ಖರ್ಚು ಸೊನ್ನೆ. ಇವತ್ತಿಗೂ ಅದೇ ನಡೆಯುತ್ತಿದೆ.

ಇಂಡಕ್ಷನ್, ಅಂದರೆ ಮನಸ್ಸನ್ನು ಹಿಪ್ನಾಟಿಸಂ ಸ್ಥಿತಿಗೆ ತರುವ ಮೊದಲ ಹಂತ, ಅದರ ಸುದ್ದಿ ಇಲ್ಲಿ ಬೇಡ. ಆ ಸ್ಥಿತಿಯಲ್ಲಿ ಇನ್ನೂ ಆಳಕ್ಕೆ ಇಳಿಯುವುದರ ಬಗ್ಗೆ ಮಾತ್ರ ಒಂದು ಮಾತು. ಹತ್ತು ಮೆಟ್ಟಿಲು ಇಳಿಯುತ್ತಿದ್ದೇನೆ ಅಂತ ಕಲ್ಪಿಸಿಕೊಳ್ಳುವ ಮಾಮೂಲಿ ಉಪಾಯ ನನಗೆ ಯಾವತ್ತೂ ಕೆಲಸ ಮಾಡಿಲ್ಲ. ಮೆಟ್ಟಿಲು ಅಂದರೆ ದಪ್ಪಗಿರುವವನಿಗೆ ಮೊದಲು ನೆನಪಾಗೋದು ಮಂಡಿನೋವು, ಅಲ್ವಾ? ಅದರ ಬದಲು ಚಿತ್ರದುರ್ಗದ ಏಳು ಸುತ್ತಿನ ಕೋಟೆ ಇಟ್ಟುಕೊಂಡೆ. ಒಂದೊಂದು ಸುತ್ತು ದಾಟಿದಾಗಲೂ ಹೊರಗಿನ ಸದ್ದು ಒಂದಿಷ್ಟು ಕಡಿಮೆ, ಕಲ್ಲಿನ ತಂಪು ಒಂದಿಷ್ಟು ಜಾಸ್ತಿ. ಸ್ಕೂಲ್ ಟ್ರಿಪ್‌ನಲ್ಲಿ ನೋಡಿದ ಜಾಗ, ಕಣ್ಮುಚ್ಚಿದರೆ ತಾನಾಗೇ ಬರುತ್ತದೆ. ನಮ್ಮ ಕಡೆಯ ಯಾರ ಮೇಲೆ ಬೇಕಾದರೂ ಪ್ರಯೋಗಿಸಿ ನೋಡಿ. ಏಳನೇ ಸುತ್ತಿನೊಳಗೆ ನಾನು ಏನು ಇಟ್ಟಿದ್ದೇನೆ ಅನ್ನೋದನ್ನು ಮಾತ್ರ ಹೇಳಲ್ಲ. ಅದು ನನ್ನ ಅನ್ನದ ಪ್ರಶ್ನೆ.

ನಿಜವಾದ ತಿರುವು ಸಿಕ್ಕಿದ್ದು ಒಂದು ನೋಟ್‌ಬುಕ್‌ನಿಂದ. ಮೂರು ವಾರ ಏನು ತಿಂದೆ, ಎಷ್ಟೊತ್ತಿಗೆ ತಿಂದೆ ಅಂತ ಬರೆದಿಟ್ಟೆ. ನೋಡಿದರೆ ಬೆಣ್ಣೆದೋಸೆ ಪಾಪ ನಿರಪರಾಧಿ. ಅದು ಭಾನುವಾರದ ಮಾತು. ಕಳ್ಳ ಇದ್ದದ್ದು ಸಂಜೆ ಐದರ ಮಂಡಕ್ಕಿ ಮಿರ್ಚಿಯಲ್ಲಿ. ಗೆಳೆಯರ ಜೊತೆ ನಿಂತರೆ ನಾಲ್ಕು, ಕೆಲವೊಮ್ಮೆ ಐದು ಮಿರ್ಚಿ. ಇನ್ನೊಬ್ಬ ಕಳ್ಳ ರಾತ್ರಿಯ ಎರಡನೇ ಸಲದ ಅನ್ನ. ಗಬಗಬ ಆರು ನಿಮಿಷದಲ್ಲಿ ಊಟ ಮುಗಿಸುತ್ತಿದ್ದೆ, ಹೊಟ್ಟೆ ತುಂಬಿದ್ದು ತಿಳಿಯುವ ಹೊತ್ತಿಗೆ ಇನ್ನೊಂದು ಸೌಟು ಬಿದ್ದಿರುತ್ತಿತ್ತು.

ಅಲ್ಲಿಂದ ತಿಂಡಿ ಸುದ್ದಿಗೇ ಹೋಗಲಿಲ್ಲ. 'ತಿನ್ನಬೇಡ' ಅಂದರೆ ತಿಂಡಿಯೇ ಕಣ್ಣೆದುರು ಬರುತ್ತದೆ, ಗೊತ್ತಲ್ಲ. ಸಜೆಷನ್ ಕೊಟ್ಟಿದ್ದು ಕೈಗೆ. ತುತ್ತು ಬಾಯಿಗಿಟ್ಟ ಕೂಡಲೇ ಕೈ ತಟ್ಟೆಯ ಅಂಚಿನ ಮೇಲೆ ಒರಗಬೇಕು, ಬಾಯಿ ಖಾಲಿಯಾಗುವವರೆಗೆ ಏಳಬಾರದು. ಸಂಜೆಗೆ ಬೇರೆ. ಎಣ್ಣೆ ವಾಸನೆ ಬಂದ ತಕ್ಷಣ ಹೆಬ್ಬೆರಳು ತೋರುಬೆರಳು ಕೂಡಬೇಕು, ಅಮ್ಮನ "ಸಾಕು ಕಣಪ್ಪ" ಕೇಳಿಸಬೇಕು. ದಿನಕ್ಕೆ ಇಪ್ಪತ್ತು ನಿಮಿಷ. ರಾತ್ರಿ ಕೂರುತ್ತಿದ್ದಾಗ ಏನೂ ಆಗಲಿಲ್ಲ. ಮಿರ್ಚಿ ಹೊತ್ತಿಗೆ ಮುಕ್ಕಾಲು ಗಂಟೆ ಮುಂಚೆ, ನಾಲ್ಕೂಕಾಲಿಗೆ ಕೂರೋಕೆ ಶುರು ಮಾಡಿದ ಮೇಲೆ ಹಿಡಿಯಿತು. ಇದೊಂದು ಮಾತು ಬೇಕಾದರೆ ಬರೆದಿಟ್ಟುಕೊಳ್ಳಿ.

ಮೊದಲ ತಿಂಗಳು ಒಂದು ಕೆಜಿಯೂ ಇಳಿಯಲಿಲ್ಲ. "ಕಣ್ಮುಚ್ಚಿ ಕೂತ್ರೆ ಕೊಬ್ಬು ಕರಗುತ್ತೇನ್ರೀ?" ಅಂತ ಮನೆಯಾಕೆ. ಮನೆಯ ತೂಕದ ಯಂತ್ರ ದಿನಕ್ಕೊಂದು ಸುಳ್ಳು ಹೇಳುತ್ತಿತ್ತು. ಹಾಗಾಗಿ ಗೆಳೆಯನೊಬ್ಬನ ಮಂಡಿಯಲ್ಲಿ, ಜೋಳದ ಚೀಲ ತೂಗುವ ಕಾಟಾ ಮೇಲೆ ತಿಂಗಳಿಗೊಮ್ಮೆ ನಿಲ್ಲುತ್ತಿದ್ದೆ. ಹಮಾಲರಿಗೆ ಭಾರೀ ಖುಷಿ, ಜೋರಾಗಿ ಕೂಗಿ ಹೇಳುತ್ತಿದ್ದರು. ನಾಲ್ಕು ತಿಂಗಳಿಗೆ 91. ದೀಪಾವಳಿಗೆ ಮತ್ತೆ ಮೂರು ಏರಿತು. ಹದಿನಾಲ್ಕು ಹದಿನೈದು ತಿಂಗಳಿಗೆ 83. ಅಲ್ಲಿಂದ ಈಚೆಗೆ ಒಂದು ಕೆಜಿ ಆಚೀಚೆ ಅಷ್ಟೇ.

ಎಲ್ಲವೂ ಹಿಪ್ನಾಟಿಸಂನಿಂದಲೇ ಅಂತ ಹೇಳಿದರೆ ನಾಲಿಗೆ ಸುಟ್ಟೀತು. ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ನಡೆದೆ, ರಾತ್ರಿ ಅನ್ನದ ಬದಲು ಜೋಳದ ರೊಟ್ಟಿಗೆ ಬಂದೆ. ಹಿಪ್ನಾಟಿಸಂ ಮಾಡುವ ನಮ್ಮವರಲ್ಲಿ ಕೆಲವರು, ಹಿಪ್ನಾಟಿಸಂ ಸೇರಿಸಿದರೆ ತೂಕ ಹೆಚ್ಚು ಇಳಿಯುತ್ತೆ ಅಂತ ಮನಶ್ಶಾಸ್ತ್ರಜ್ಞ ಕಿರ್ಷ್ ಅವರ ತಂಡ 1995ರಲ್ಲಿ ಹಳೇ ಅಧ್ಯಯನಗಳನ್ನು ಕೂಡಿಸಿ ಹಾಕಿದ ಲೆಕ್ಕ ತೋರಿಸಿ ಕೊಚ್ಚಿಕೊಳ್ಳುತ್ತಾರೆ. ಮರುವರ್ಷವೇ ಆಲಿಸನ್ ಮತ್ತು ಫೇತ್ ಅನ್ನೋ ಸಂಶೋಧಕರು ಅದೇ ಲೆಕ್ಕವನ್ನು ಮತ್ತೆ ಹಾಕಿ, ಲಾಭ ಇದ್ದರೂ ಸಣ್ಣದು ಅಂದರು. ನನ್ನ ಅನುಭವವೂ ಅದೇ. ಆದರೆ ಆ ಸಣ್ಣದು ಇಲ್ಲದಿದ್ದರೆ ನಾನು ಐದನೇ ದಿನಕ್ಕೇ ವಾಕಿಂಗ್ ಬಿಟ್ಟು ಮಿರ್ಚಿ ಅಂಗಡಿ ಮುಂದೆ ನಿಂತಿರುತ್ತಿದ್ದೆ.

ಈ ಹುಮ್ಮಸ್ಸಿನಲ್ಲಿ ಬೇರೆ ಕಡೆಗೂ ಕೈ ಹಾಕಿದೆ. ಭಾಮೈದನ ಗುಟ್ಕಾ ಒಂಬತ್ತು ದಿನ ನಿಂತಿತು, ಹತ್ತನೇ ದಿನ ಮದುವೆ ಮನೆಗೆ ಹೋದ, ಮುಗಿಯಿತು. ಹಲ್ಲು ಕ್ಲೀನ್ ಮಾಡಿಸುವಾಗ ಸಜೆಷನ್‌ನಿಂದಲೇ ಕೈ ಮರಗಟ್ಟಿಸಿ, ಆ ಜೋಮನ್ನು ದವಡೆಗೆ ಸಾಗಿಸಿದೆ, ಪರವಾಗಿಲ್ಲ ಅನ್ನಿಸಿತು. ರೂಟ್ ಕೆನಾಲ್‌ಗೆ ಮಾತ್ರ ಸುಮ್ನೆ ಇಂಜೆಕ್ಷನ್ ತಗೊಂಡೆ, ಅಷ್ಟು ಧೈರ್ಯ ನನಗಿಲ್ಲ.

ಈಗ ತೂಕಕ್ಕೂ ಜನ ಬರುತ್ತಿದ್ದಾರೆ. ಇಲ್ಲಿವರೆಗೆ ಹನ್ನೊಂದೋ ಹನ್ನೆರಡೋ ಮಂದಿ. ಐದು ಜನಕ್ಕೆ ಚೆನ್ನಾಗಿ ಇಳಿದಿದೆ, ಮೂವರು ಎರಡನೇ ಸಲ ಬರಲೇ ಇಲ್ಲ. ಶುಗರ್ ಮಾತ್ರೆ ನುಂಗುವವರನ್ನು ಅವರ ಡಾಕ್ಟರಿಗೆ ತಿಳಿಸದೆ ಕೂರಿಸಲ್ಲ. ಊಟ ಕಮ್ಮಿಯಾಗಿ ಮಾತ್ರೆ ಅಷ್ಟೇ ಇದ್ದರೆ ಶುಗರ್ ಕುಸಿಯಬಹುದು. ತಿಂದು ವಾಂತಿ ಮಾಡುವ ಅಭ್ಯಾಸದ ಒಂದು ಹುಡುಗಿ ಬಂದಿದ್ದಳು, ಅವಳನ್ನು ನೇರ ಮನೋವೈದ್ಯರ ಹತ್ತಿರ ಕಳಿಸಿದೆ.

ಸದ್ಯಕ್ಕೆ ಚಹಾದ ಸಕ್ಕರೆ ಹಿಂದೆ ಬಿದ್ದಿದ್ದೇನೆ. ಎರಡೂವರೆ ಚಮಚದಿಂದ ಒಂದೂವರೆಗೆ ಬಂದಿದೆ. ಮನೆಯಾಕೆ ಸದ್ದಿಲ್ಲದೆ ಕಮ್ಮಿ ಹಾಕುತ್ತಿದ್ದಾಳೋ, ನನ್ನ ಸಜೆಷನ್ನೇ ಕೆಲಸ ಮಾಡುತ್ತಿದೆಯೋ, ಇನ್ನೂ ಪತ್ತೆಯಾಗಿಲ್ಲ.