ಒಗೆದರೂ ಹೋಗದ ಬೆಂಕಿತಡೆ: ಪಾಲಿಯೆಸ್ಟರ್-ಕಾಟನ್ ಬಟ್ಟೆಗೆ ನಾನು ಮಾಡಿದ ಬಗೆ

ಬೆಂಕಿತಡೆ ಫಿನಿಶಿಂಗ್‌ನಲ್ಲಿ, ಅಂದರೆ ಬಟ್ಟೆ ಸುಲಭವಾಗಿ ಉರಿಯದಂತೆ ರಾಸಾಯನಿಕ ಹಾಕುವ ಕೆಲಸದಲ್ಲಿ, ಬರೀ ಹತ್ತಿ ಬಟ್ಟೆಯನ್ನು ಸಂಭಾಳಿಸಬಹುದು, ಬರೀ ಪಾಲಿಯೆಸ್ಟರನ್ನೂ ಸಂಭಾಳಿಸಬಹುದು. ಎರಡೂ ಬೆರೆತ ಬಟ್ಟೆ ಬಂದಾಗ ನಿಜವಾದ ಕೆಲಸ ಶುರುವಾಗುತ್ತದೆ. ಪಾಲಿಯೆಸ್ಟರ್ ಒಂದೇ ಇದ್ದರೆ ಸುಮಾರು 260 ಡಿಗ್ರಿಯಲ್ಲಿ ಕರಗಿ, ಮುದುಡಿ, ಹನಿಹನಿಯಾಗಿ ಬಿದ್ದು ಉರಿಯಿಂದ ದೂರ ಸರಿಯುತ್ತದೆ. ಬ್ಲೆಂಡ್‌ನಲ್ಲಿ ಅದಕ್ಕೆ ಆ ದಾರಿಯಿಲ್ಲ. ಹತ್ತಿ ಕರಗದೆ ಇದ್ದಿಲಾಗಿ ಅಲ್ಲೇ ನಿಲ್ಲುತ್ತದೆ. ಕರಗಿದ ಪಾಲಿಯೆಸ್ಟರ್ ಅದನ್ನೇ ಹಿಡಿದು, ಬತ್ತಿಗೇರಿದ ಎಣ್ಣೆಯಂತೆ ಉರಿಯುತ್ತದೆ. ಒಂದೇ ಎಳೆಗೆ ರಕ್ಷಣೆ ಕೊಟ್ಟರೆ ಇನ್ನೊಂದು ಅದನ್ನು ಕೆಡಿಸುತ್ತದೆ.

ನನ್ನ ಮುಂದಿದ್ದದ್ದು 65 ಪಾಲು ಹತ್ತಿ, 35 ಪಾಲು ಪಾಲಿಯೆಸ್ಟರ್ ಇದ್ದ, ಕೆಲಸದ ಉಡುಪಿನ ಟ್ವಿಲ್ (ಓರೆ ಗೆರೆಯ ನೇಯ್ಗೆಯ ಬಟ್ಟೆ). 50 ಸಲ ಒಗೆದ ಮೇಲೂ ಉರಿ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಬೋರಾಕ್ಸ್, ಅಮೋನಿಯಂ ಫಾಸ್ಫೇಟ್ ಮೊದಲೇ ಹೊರಗೆ. ನೀರು ಸೋಕಿದರೆ ಹೋಗುವ ಲವಣಗಳು ಪರದೆಗೆ ಸರಿ, ಉಡುಪಿಗಲ್ಲ. ಬ್ರೋಮಿನ್ ಕೂಡ ನನಗೆ ಬೇಡವಾಗಿತ್ತು. ಬ್ರೋಮಿನ್ ಇರುವ ಬೆಂಕಿತಡೆ ರಾಸಾಯನಿಕಗಳಾದ ಎಚ್‌ಬಿಸಿಡಿ 2013ರಲ್ಲಿ, ಡೆಕಾಬಿಡಿಇ 2017ರಲ್ಲಿ, ಬಹುಕಾಲ ಉಳಿಯುವ ಮಾಲಿನ್ಯಕಾರಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿವೆ; ಪರಿಸರದಲ್ಲಿ ಒಡೆದುಹೋಗದೆ ಉಳಿಯುವಂಥದ್ದನ್ನು ಮೈಮೇಲಿನ ಬಟ್ಟೆಗೆ ಹಾಕಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ರಂಜಕದ ದಾರಿ ಹಿಡಿದೆ.

ಒಂದೇ ಬಾತ್‌ನಲ್ಲಿ (ಬಟ್ಟೆ ಅದ್ದುವ ರಾಸಾಯನಿಕ ದ್ರಾವಣದಲ್ಲಿ) ಎಲ್ಲ ಮುಗಿಸುವ ಆಸೆ ಯಾರಿಗಿಲ್ಲ? ಆದರೆ ಎರಡು ಬಗೆಯ ನಾರಿಗೆ ಎರಡು ಹಂತ ಬೇಕೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಗಂಜಿ ತೆಗೆದು, ಸ್ಕೌರಿಂಗ್ ಮಾಡಿ (ಕ್ಷಾರದಲ್ಲಿ ಕುದಿಸಿ ಮೇಣ, ಜಿಡ್ಡು ತೆಗೆದು), ಬಟ್ಟೆಯಲ್ಲಿ ಕ್ಷಾರ ಉಳಿಯದಂತೆ ತೊಳೆದೆವು. ಒಂದು ಹನಿ ನೀರು ಬಿಟ್ಟರೆ ಅದು ಮಣಿಯಂತೆ ನಿಲ್ಲದೆ ತಕ್ಷಣ ಇಂಗಬೇಕು. ಇಲ್ಲದಿದ್ದರೆ ಮುಂದಕ್ಕೆ ಹೋಗುವುದೇ ಬೇಡ.

ಪಾಲಿಯೆಸ್ಟರ್ ಪಾಲಿಗೆ ಸೈಕ್ಲಿಕ್ ಫಾಸ್ಫೋನೇಟ್ ಎಂಬ ರಂಜಕ ಸಂಯುಕ್ತ. ಪ್ಯಾಡ್ ಮಾಡಿ (ದ್ರಾವಣದಲ್ಲಿ ಅದ್ದಿ ರೋಲರ್‌ಗಳ ನಡುವೆ ಹಿಂಡಿ), ಒಣಗಿಸಿ, ಬಟ್ಟೆಯನ್ನು ಅಗಲಕ್ಕೆ ಹಿಡಿದು ಕಾಯಿಸುವ ಸ್ಟೆಂಟರ್ ಯಂತ್ರದಲ್ಲಿ 195 ಡಿಗ್ರಿ ಆಸುಪಾಸು ಒಂದು ನಿಮಿಷ. ಆ ಕಾವಿಗೆ ನಾರು ಸಡಿಲಗೊಂಡು ಫಾಸ್ಫೋನೇಟ್ ಒಳಗೆ ಇಳಿಯುತ್ತದೆ, ತಣಿದಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಾತ್ ಆಮ್ಲೀಯವಾಗದಂತೆ ತಡೆಯುವ ಬಫರ್ ಲವಣ ಹಾಕಿರಬೇಕು. ಆಮ್ಲವೂ ಈ ಕಾವೂ ಸೇರಿದರೆ ಹತ್ತಿ ಬಡಕಲಾಗುತ್ತದೆ. ಹೆಚ್ಚು ಕಾವಿನ ಹಂತವನ್ನು ಮೊದಲೇ ಮುಗಿಸಿದ್ದಕ್ಕೆ ಕಾರಣ, ಆಮೇಲೆ ಹತ್ತಿಯೊಳಗೆ ಕಟ್ಟುವ ಪಾಲಿಮರ್ ಅದನ್ನು ಸಹಿಸಬೇಕಾಗಬಾರದು ಎಂಬುದು.

ಹತ್ತಿಯ ಪಾಲಿಗೆ ಟಿಎಚ್‌ಪಿಸಿ-ಯೂರಿಯಾ ಪ್ರೀಕಂಡೆನ್ಸೇಟ್, ಅಂದರೆ ಟಿಎಚ್‌ಪಿಸಿ ಎಂಬ ರಂಜಕ ಲವಣವನ್ನು ಯೂರಿಯಾ ಜೊತೆ ಮೊದಲೇ ಅರೆಬರೆ ಕೂಡಿಸಿದ ದ್ರಾವಣ; ಅಮೋನಿಯಾ ತಾಗಿದಾಗ ಅದು ನಾರಿನೊಳಗೆ ಪಾಲಿಮರ್ ಆಗಿ ಕಟ್ಟುತ್ತದೆ. ಇಲ್ಲಿ ಇಡೀ ಕೆಲಸ ನಿಂತಿರುವುದು ತೇವದ ಮೇಲೆ. ಪ್ಯಾಡ್ ಮಾಡಿದ ಬಟ್ಟೆಯನ್ನು ಹದವಾಗಿ ಒಣಗಿಸಿ, ಶೇಕಡ 10ರಿಂದ 15ರಷ್ಟು ತೇವ ಉಳಿದಿರುವಾಗಲೇ ಅಮೋನಿಯಾ ಅನಿಲಕ್ಕೆ ಒಡ್ಡಬೇಕು. ಹೆಚ್ಚು ಒಣಗಿದರೆ ಕ್ರಿಯೆ ಪೂರ್ತಿಯಾಗುವುದಿಲ್ಲ. ಹೆಚ್ಚು ತೇವವಿದ್ದರೆ ಪಾಲಿಮರ್ ನಾರಿನೊಳಗೆ ಕಟ್ಟದೆ ಮೇಲ್ಮೈಯಲ್ಲೇ ಕೂರುತ್ತದೆ. ಮೀಟರ್ ಎಷ್ಟೇ ಹೇಳಲಿ, ನಾನು ಬಟ್ಟೆಯ ಎರಡೂ ಅಂಚು ಮತ್ತು ನಡುವನ್ನು ಬೇರೆಬೇರೆಯಾಗಿ ಅಳೆಯದೆ ಮುಂದೆ ಬಿಡುವುದಿಲ್ಲ. ಅಂಚು ಬೇಗ ಒಣಗುವುದುಂಟು. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಆಕ್ಸಿಡೇಶನ್: ರಂಜಕ ಸ್ಥಿರ ರೂಪಕ್ಕೆ ಬರುತ್ತದೆ, ವಾಸನೆಯೂ ಇಳಿಯುತ್ತದೆ. ಚೆನ್ನಾಗಿ ತೊಳೆದು ಒಣಗಿಸಿದ ಬಟ್ಟೆಯನ್ನು ಕಪ್ಪು ಬಟ್ಟೆಗೆ ಗಟ್ಟಿಯಾಗಿ ಉಜ್ಜಿದಾಗ ಬಿಳಿ ಪುಡಿ ಕಂಡರೆ, ಪಾಲಿಮರ್ ಹೊರಗೇ ಕೂತಿದೆ ಎಂದರ್ಥ. ಅದು ಒಗೆತಕ್ಕೆ ಉಳಿಯುವುದಿಲ್ಲ.

ಈ ಹಂತದಲ್ಲಿ ಫಾರ್ಮಾಲ್ಡಿಹೈಡ್ ಮತ್ತು ಅಮೋನಿಯಾ ಎರಡೂ ಇರುತ್ತವೆ. ಗಾಳಿ ಹೊರಹಾಕುವ ವ್ಯವಸ್ಥೆ ಗಟ್ಟಿ ಇಲ್ಲದ ಕಡೆ ಇದನ್ನು ಮಾಡಲೇಬಾರದು. ಬೆಂಕಿಯಿಂದ ಒಬ್ಬರನ್ನು ಉಳಿಸಲು ಇನ್ನೊಬ್ಬರ ಶ್ವಾಸಕೋಶ ಸುಡುವಂತಿಲ್ಲ.

ಪರೀಕ್ಷೆಯಲ್ಲಿ ಪಟ್ಟಿಯನ್ನು ನೇರ ತೂಗುಹಾಕಿ ಕೆಳಗಿನ ಅಂಚಿಗೆ 12 ಸೆಕೆಂಡು ಜ್ವಾಲೆ. ಬರ್ನರ್ ಸರಿಸಿದಾಗ ಉರಿ ಅಲ್ಲೇ ಆರಿತು. ಕಪ್ಪು ನಾಲಿಗೆಯೊಂದು ಮೇಲಕ್ಕೆ ಚಾಚಿತ್ತು, ಕೆಳಗೆ ಒಂದು ಹನಿಯೂ ಬೀಳಲಿಲ್ಲ. ಸುಟ್ಟ ಭಾಗಕ್ಕೆ ತೂಕ ಕಟ್ಟಿ ಎತ್ತಿ, ಹರಿದಷ್ಟನ್ನು ಅಳೆದೆವು. ಹಾಸು, ಹೊಕ್ಕು ಎರಡೂ ದಿಕ್ಕಿನಲ್ಲಿ ಮಾಡಬೇಕು. ಒಗೆಯುವ ಮೊದಲು, ಒಗೆದ ಮೇಲೂ ಮಾಡಬೇಕು. 50 ಒಗೆತದ ನಂತರವೂ ನಮ್ಮ ಪಟ್ಟಿಗಳು ನಿಂತವು.

ಬೆಲೆ ತೆತ್ತದ್ದು ಮೆದುತನದಲ್ಲಿ. ಬರೀ ಹತ್ತಿಗೆ ಸಾಕಾಗುವ ಶೇಕಡ 2–2.5ರ ರಂಜಕ ಬ್ಲೆಂಡ್‌ಗೆ ಸಾಲದು, ಹೆಚ್ಚಿಸಿದಷ್ಟೂ ಬಟ್ಟೆ ಬಿರುಸಾಗುತ್ತದೆ. ಮೆತ್ತಗಾಗಲೆಂದು ಸಿಲಿಕೋನ್ ಸುರಿಯಲು ನಾನು ಒಪ್ಪುವುದಿಲ್ಲ, ಅದು ಉರಿಗೆ ದಾರಿ ಮಾಡಿಕೊಡಬಹುದು. ಬಟ್ಟೆಯನ್ನು ಯಂತ್ರದಲ್ಲಿ ಮೊದಲೇ ಕುಗ್ಗಿಸುವ ಸ್ಯಾನ್‌ಫೊರೈಸಿಂಗ್‌ನಲ್ಲಿ ಸಿಕ್ಕಷ್ಟು ಮೆದುತನವೇ ಸಾಕೆಂದೆ.

ಉಡುಪಿನ ಲೇಬಲ್‌ನಲ್ಲಿ ಮೂರು ಮಾತು ಕಡ್ಡಾಯವಾಗಿ ಹಾಕಿಸಿದೆ. ಕ್ಲೋರಿನ್ ಬ್ಲೀಚ್ ಬೇಡ, ಅದು ಪಾಲಿಮರನ್ನೇ ಕಡಿಯುತ್ತದೆ. ಗಡಸು ನೀರಿನಲ್ಲಿ ಸೋಪು ಬೇಡ, ಡಿಟರ್ಜೆಂಟ್ ಬಳಸಿ. ಸೋಪಿನಿಂದಾಗುವ ಕ್ಯಾಲ್ಸಿಯಂ ಜಿಡ್ಡು ನಾರಿಗೆ ಅಂಟಿಕೊಂಡು, ಸ್ವತಃ ಉರಿಯುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಕೂಡ ಬೇಡ, ಕಾರಣ ಅದೇ.